ಸೊಸೆಯಿದ್ದರೆ ನಾಲ್ಕು ಅಂಕ ಕಳೆಯಿರಿ

ಜನವರಿ ೯

ಗುಬ್ಬಿಗೆ,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಶುರುಮಾಡಬೇಕಿತ್ತು. ಈ ಸಲ ಆ ಸಾಲು ಬಿಟ್ಟಿದ್ದೇನೆ. ಮೂರು ವರ್ಷದ ಮೇಲೆ ಅತ್ತಿಗೆಯ ಕಾಗದ ಕಂಡು ನಿನ್ನ ಎದೆ ಧಸಕ್ಕೆಂದಿರಬಹುದು. ಗಾಬರಿಯಾಗಬೇಡ, ನಿನ್ನ ಅಮ್ಮ ಇದ್ದಾರೆ. ಬೆಳಿಗ್ಗೆ ತಿಂಡಿ ತಿಂದು, ರೇಡಿಯೊದಲ್ಲಿ ವಾರ್ತೆ ಓದುವವಳ ಉಚ್ಚಾರ ಸರಿಯಿಲ್ಲವೆಂದು ಬೈದು, ಈಗ ಮಲಗಿದ್ದಾರೆ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀ. ಎರಡು ಕೋಣೆಯ ಮನೆ, ನಿನಗೇ ಗೊತ್ತು. ಅತ್ತೆಯ ಕಾಲು ಹೋಗಿದೆ, ಕಿವಿ ಹೋಗಿಲ್ಲ. ಕೊನೆಯ ಬೆಂಚಿನ ಪಿಸುಮಾತನ್ನೂ ಹಿಡಿಯುತ್ತಿದ್ದ ಹೆಡ್‌ಮಿಸ್ಟ್ರೆಸ್ ಕಿವಿ ಅದು. ಅಡುಗೆಮನೆಯಲ್ಲಿ ನಾನು ನಿಟ್ಟುಸಿರು ಬಿಟ್ಟರೂ "ಏನಾಯ್ತೇ?" ಎಂದು ಕೂಗುತ್ತಾರೆ. ಅದಕ್ಕೇ ಔಷಧಿ ಅಂಗಡಿಯ ಸರದಿಯಲ್ಲಿ ಕೂತು ಬರೆಯುತ್ತಿದ್ದೇನೆ.

ವಿಷಯ ಇಷ್ಟು. ನನ್ನ ಗರ್ಭಕೋಶ ಕೆಳಗೆ ಜಾರಿದೆ. ಒಂದು ವರ್ಷದಿಂದಲೇ ಗೊತ್ತಾಗಿತ್ತು, ಯಾರಿಗೂ ಹೇಳಿರಲಿಲ್ಲ. ಕಳೆದ ವಾರ ಡಾಕ್ಟರಮ್ಮನಿಗೆ ತೋರಿಸಿದೆ. "ಭಾರ ಎತ್ತುತ್ತೀರಾ?" ಎಂದರು. ಎತ್ತುತ್ತೇನೆ ಎಂದೆ. "ಎಷ್ಟು?" "ಐವತ್ತೆಂಟು ಕಿಲೊ. ದಿನಕ್ಕೆ ಎಂಟು ಹತ್ತು ಸಲ." ಅವರು ಬರೆಯುವುದನ್ನು ನಿಲ್ಲಿಸಿ, "ಕೆಲಸ ಎಲ್ಲಮ್ಮಾ, ಗೋದಾಮಿನಲ್ಲಾ?" ಎಂದರು. "ಮನೇಲೇ. ನಮ್ಮತ್ತೆ" ಎಂದೆ. ನನಗೆ ನಗು ಬಂತು. ಅವರು ನಗಲಿಲ್ಲ.

ಆಪರೇಷನ್ ಆಗಲೇಬೇಕಂತೆ. ಆದಮೇಲೆ ಮೂರು ತಿಂಗಳು ತುಂಬಿದ ಬಕೆಟ್ಟನ್ನೂ ಎತ್ತಬಾರದು. ಮಾಡಿಸದಿದ್ದರೆ ಮೂತ್ರ ಕಟ್ಟಿಕೊಂಡು, ಸೋಂಕು ಮೇಲೇರಿ ಮೂತ್ರಪಿಂಡಕ್ಕೆ ಹೋಗುತ್ತದಂತೆ. ಈಗಾಗಲೇ ಎರಡು ಸಲ ಜ್ವರ ಬಂದಿದೆ.

ಹಾಗಾದರೆ ಆ ಮೂರು ತಿಂಗಳು ಅತ್ತೆಯನ್ನು ಎತ್ತುವವರು ಯಾರು? ಆರೋಗ್ಯ ಕೇಂದ್ರದ ಗೋಡೆಯಲ್ಲಿ ನಿಮ್ಮ ಇಲಾಖೆಯ ಹೊಸ ಪ್ರಕಟಣೆ ಅಂಟಿಸಿದ್ದಾರೆ. ಇನ್ನು ಮೇಲೆ ಸರ್ಕಾರದ ಆರೋಗ್ಯ ಯೋಜನೆ ಆಸ್ಪತ್ರೆಯ ಬಾಗಿಲಲ್ಲೇ ನಿಲ್ಲುವುದಿಲ್ಲ, ಮನೆಗೇ ಬರುತ್ತದೆ. ಸ್ನಾನ ಮಾಡಿಸಲು, ಎತ್ತಿ ಕೂರಿಸಲು ದಿನವೂ ಒಬ್ಬ ನೆರವಿನವಳು. ವಾರಕ್ಕೊಮ್ಮೆ ನರ್ಸು. ಒಂಟಿಯಾಗಿರುವವರ ಜೊತೆ ಕೂತು ಮಾತಾಡುವುದಕ್ಕೂ ಜನ ಕೊಡುತ್ತಾರಂತೆ. ಪಕ್ಕದಲ್ಲಿ ಹಲ್ಲು ತೋರಿಸಿ ನಗುವ ಮುದುಕನ ಚಿತ್ರ. ನಾನು ಅರ್ಜಿ ಹಾಕಿಬಿಟ್ಟೆ.

ನೀನು ಅಲ್ಲೇ ಕೆಲಸ ಮಾಡುವವಳು. ಇದು ನಿಜವೋ, ಗೋಡೆಗೆ ಅಂಟಿಸಿದ್ದಷ್ಟೋ, ತಿಳಿಸು.

ಇತಿ ನಿನ್ನ
ಅತ್ತಿಗೆ

*

ಜನವರಿ ೨೪

ಅತ್ತಿಗೆಗೆ,

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಇಲಾಖೆಯ ಪತ್ರದ ಹಾಗೆ ಆಗುತ್ತಿತ್ತು. ಇದೂ ಹಾಗೇ ಆದರೆ ಕ್ಷಮಿಸಿ.

ಯೋಜನೆ ನಿಜ. ಎರಡು ವರ್ಷ ಇದನ್ನು ಕಟ್ಟಿದ ತಂಡದಲ್ಲಿ ನಾನೂ ಇದ್ದೆ. ಜನ ಆಸ್ಪತ್ರೆಗೆ ಬಂದು ಮಲಗಿದರೆ ಮಾತ್ರ ನೋಡುತ್ತಿದ್ದೆವು, ಮನೆಯಲ್ಲೇ ಮಲಗಿದವರು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಬೀಳುತ್ತಾರೆ ಎಂದು ಹೇಳಿಕೊಳ್ಳುತ್ತೇವೆ.

ಅರ್ಜಿ ಹಾಕಿದ ಮೇಲೆ ಮನೆಭೇಟಿಯವರು ಬರುತ್ತಾರೆ. ಇಪ್ಪತ್ತು ಪ್ರಶ್ನೆಗಳಿವೆ. ಎದ್ದು ನಿಲ್ಲುತ್ತಾರಾ, ಸ್ನಾನ ಯಾರು ಮಾಡಿಸುತ್ತಾರೆ, ಹೀಗೆ. ಕಷ್ಟ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಹನ್ನೆರಡು ಬಂದರೆ ನೆರವು ಸಿಗುತ್ತದೆ. ಒಂದೇ ಒಂದು ಮಾತು ನೆನಪಿಡಿ: ಮನೆ ದಿನಾ ಹೇಗಿರುತ್ತದೋ ಹಾಗೇ ಇರಲಿ. ಅವರಿಗಾಗಿ ಏನನ್ನೂ ಸಜ್ಜುಮಾಡಬೇಡಿ. ಬೇರೆ ಕೆಲವು ಪ್ರಶ್ನೆಗಳೂ ಇವೆ. ಅವು ನಿಮಗೆ ಅನ್ವಯಿಸುತ್ತವೋ ಇಲ್ಲವೋ ಅವರೇ ನೋಡುತ್ತಾರೆ. ನಾನು ಮನೆಯವಳಾದ್ದರಿಂದ ನಡುವೆ ಬಾಯಿ ಹಾಕುವ ಹಾಗಿಲ್ಲ.

ಮೂರು ವರ್ಷದ ಹಿಂದೆ ಅಣ್ಣ ತೀರಿಹೋದಾಗ ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸೋಣ ಎಂದೆ. "ನಾನಿಲ್ವಾ?" ಎಂದಿರಿ, ಎಲ್ಲರ ಎದುರಿಗೆ. ಅಮ್ಮ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ನಾನು ಸಿಟ್ಟು ಮಾಡಿಕೊಂಡು ಬಂದೆ, ಜೊತೆಗೆ ನಿಮ್ಮ ಮಾತನ್ನು ನಂಬಿಕೊಂಡೂ ಬಂದೆ. ಅದನ್ನು ಈಗ ಎತ್ತುವುದು ಬೇಡ.

ಇತಿ
ಗುಬ್ಬಿ

*

ಫೆಬ್ರವರಿ ೧೬

ಗುಬ್ಬಿ,

ಕೆಲಸ ಕೆಟ್ಟಿತು. ಕೆಡಿಸಿದವರಲ್ಲಿ ನಾನೂ ಒಬ್ಬಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಭೇಟಿಯವರು ಬರುವ ದಿನ ತಿಳಿಸಿ ಕಾಗದ ಕಳಿಸಿದ್ದರು. ಅತ್ತೆ ಅದನ್ನು ಇಸಿದುಕೊಂಡು ಓದಿದರು. ಓದುತ್ತ ಓದುತ್ತ ಅವರ ಬೆನ್ನು ನೆಟ್ಟಗಾಯಿತು. "ಇನ್‌ಸ್ಪೆಕ್ಷನ್ನಾ?" ಎಂದರು. ಅಲ್ಲ ಅತ್ತೆ, ಸುಮ್ಮನೆ ನೋಡಿ ಹೋಗ್ತಾರೆ ಎಂದೆ. "ನೋಡಿ ಹೋಗೋದನ್ನೇ ಇನ್‌ಸ್ಪೆಕ್ಷನ್ ಅನ್ನೋದು" ಎಂದರು. ಮೂವತ್ತೊಂದು ವರ್ಷ ಶಾಲೆ ನಡೆಸಿದವರು. ಇನ್‌ಸ್ಪೆಕ್ಟರು ಬರುವ ಹಿಂದಿನ ವಾರ ಗೋಡೆಗೆ ಸುಣ್ಣ ಹೊಡೆಸಿ, ಒಡೆದ ಬೆಂಚುಗಳನ್ನು ಹಿತ್ತಲಿಗೆ ಸಾಗಿಸಿ, ಉತ್ತರ ಬರುವ ಮಕ್ಕಳನ್ನು ಮುಂದೆ ಕೂರಿಸುತ್ತಿದ್ದರು ಎಂದು ನೀನೇ ಹೇಳಿ ನಗಿಸುತ್ತಿದ್ದೆಯಲ್ಲ. ನಾಲ್ಕು ದಿನ ನನ್ನನ್ನು ಹಾಗೇ ದುಡಿಸಿದರು. ಕಿಟಕಿ ಒರೆಸಿದೆ. ಹಾಸಿಗೆ ಬಿಸಿಲಿಗೆ ಹಾಕಿದೆ. ಅವತ್ತು ಬೆಳಿಗ್ಗೆ ತಲೆಗೆ ನೀರು ಹಾಕಿ, ಕೂದಲು ಬಾಚಿ, ನಿವೃತ್ತಿಯ ದಿನ ಉಟ್ಟಿದ್ದ ಬಟ್ಟೆ ಉಡಿಸಿದೆ.

ನಿನ್ನ ಮಾತು ನೆನಪಿತ್ತು. ಆದರೂ ಯಾರಾದರೂ ಹೊರಗಿನವರು ಬರುತ್ತಾರೆಂದರೆ ಮನೆಯನ್ನು ನಾರುವ ಹಾಗೆ ಬಿಟ್ಟುಕೊಂಡು ಹೇಗೆ ಕೂರಲಿ ಹೇಳು? ಕಮೋಡ್ ಕುರ್ಚಿಯನ್ನು ಪರದೆಯ ಹಿಂದೆ ತಳ್ಳಿದವಳು ನಾನೇ. ಅತ್ತೆ ಅದನ್ನು ಹೇಳಿರಲಿಲ್ಲ.

ಭೇಟಿಯಾಕೆ ಒಳ್ಳೆಯ ಹೆಂಗಸು, ನನ್ನ ವಯಸ್ಸಿನವಳೇ. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಉತ್ತರ ಕೊಡುತ್ತಿದ್ದರು. "ಸ್ನಾನ?" "ನಾನೇ ಮಾಡ್ತೀನಿ." "ಬಟ್ಟೆ ಬದಲಾಯಿಸೋದು?" "ಅದಕ್ಕೇನು, ಮಗುವೇ ನಾನು?" "ಎದ್ದು ನಿಲ್ಲಕ್ಕೆ ಆಗುತ್ತಾ?" ಆಗ ಏನು ಮಾಡಿದರು ಗೊತ್ತಾ? ಮೇಜು ಹಿಡಿದುಕೊಂಡು ಎದ್ದರು. ನಾಲ್ಕು ತಿಂಗಳಿಂದ ಎದ್ದಿರಲಿಲ್ಲ ಗುಬ್ಬಿ. ಎದ್ದು ಎರಡು ಹೆಜ್ಜೆ ಇಟ್ಟು, ತಿರುಗಿ ಕೂತರು. ತುಟಿ ನೀಲಿಯಾಗಿತ್ತು. ಭೇಟಿಯಾಕೆ ಚಪ್ಪಾಳೆ ತಟ್ಟಿದಳು.

"ನೀವು ಹೇಗಿದ್ದೀರಿ?" ಎಂದು ನನ್ನನ್ನೂ ಕೇಳಿದಳು. ಚೆನ್ನಾಗಿದೀನಿ ಎಂದೆ. ಹೊಟ್ಟೆಯೊಳಗಿನದು ಆಗ ಕಾಲುಸಂದಿಯಲ್ಲಿ ಕೂತಿತ್ತು. ಅದು ಹೇಗೆ ಬಾಯಿಗೆ ಬಂತೋ ತಿಳಿಯದು, ಯಾರು ಕೇಳಿದರೂ ಅದೇ ಬರುತ್ತದೆ. ಚಹಾ ಕುಡಿದು, ಮನೆ ಎಷ್ಟು ಚೊಕ್ಕವಾಗಿದೆ ಎಂದು ಹೊಗಳಿ ಹೋದಳು.

ಹೋದ ಮೇಲೆ ಅತ್ತೆ ನನ್ನ ಕಡೆ ನೋಡಿ, "ಪಾಸಾ?" ಎಂದರು. ಹೌದು ಎಂದೆ. ಆ ಹೆಮ್ಮೆಯ ಮುಖದ ಮೇಲೆ ನೀರೆರಚಲು ಆಗಲಿಲ್ಲ. ಈ ನೆರವು ಯಾಕೆ ಬೇಕೆಂದು ಅವರಿಗೆ ನಾನು ಹೇಳಿಲ್ಲವಲ್ಲ. ನನ್ನ ಹೊಟ್ಟೆಯ ವಿಷಯ ಅವರಿಗೆ ಗೊತ್ತೇ ಇಲ್ಲ.

ಇತಿ
ಅತ್ತಿಗೆ

*

ಮಾರ್ಚ್ ೨

ಅತ್ತಿಗೆಗೆ,

ಕಡತ ನನ್ನ ಮೇಜಿಗೇ ಬಂತು. ಸಂಬಂಧಿಕರದ್ದೆಂದು ಬರೆದು ಪಕ್ಕದ ಮೇಜಿನವರಿಗೆ ಕೊಟ್ಟೆ. ಕೊಡುವ ಮೊದಲು ಓದಿದೆ, ಅದು ತಪ್ಪು. "ವೃದ್ಧೆ ಚಟುವಟಿಕೆಯಿಂದ ಇದ್ದಾರೆ. ಸೊಸೆ ಆರೋಗ್ಯವಂತೆ, ನಗುಮುಖದವರು." ಬಂದದ್ದು ಏಳು ಅಂಕ. ಕಳೆದ ಮೇಲೆ ಮೂರು. ಅರ್ಜಿ ತಿರಸ್ಕೃತ.

ಅರವತ್ತು ದಿನದೊಳಗೆ ಮರುಭೇಟಿ ಕೇಳಬಹುದು. ಅದರ ಜೊತೆ ನೋಡಿಕೊಳ್ಳುವವರ ದಿನಚರಿ ಎಂಬ ಫಾರಂ ತುಂಬಬೇಕು. ಏಳು ದಿನ, ಅರ್ಧ ಗಂಟೆಗೊಮ್ಮೆ, ಏನು ಮಾಡಿದಿರಿ ಎಂದು. ಫಾರಂ ಇದರೊಳಗೆ ಇಟ್ಟಿದ್ದೇನೆ. ದಯವಿಟ್ಟು ಚೆನ್ನಾಗಿ ಕಾಣಿಸುವ ಹಾಗೆ ಬರೆಯಬೇಡಿ. ಏನು ನಡೆಯಿತೋ ಅದನ್ನು ಬರೆಯಿರಿ. ಅಮ್ಮನಿಗೂ ನಿಮ್ಮ ಆಪರೇಷನ್ ವಿಷಯ ಹೇಳಿ. ಹೇಳದೆ ಇದು ಸಾಗುವುದಿಲ್ಲ.

ಅಮ್ಮ ಎದ್ದು ನಿಂತದ್ದನ್ನು ಓದಿ ನಾನು ಆಫೀಸಿನ ಶೌಚಾಲಯಕ್ಕೆ ಹೋಗಿ ನಿಂತುಕೊಂಡೆ. ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಕೈ ತೊಳೆದುಕೊಂಡು ವಾಪಸು ಬಂದೆ.

ಇತಿ
ಗುಬ್ಬಿ

*

ಮಾರ್ಚ್ ೨೭

ಗುಬ್ಬಿ,

ದಿನಚರಿ ಕಳಿಸಿದೆ. ಏಳು ದಿನಕ್ಕೆ ಹದಿನಾಲ್ಕು ಹಾಳೆ.

ಬರೆಯುವುದು ಕಷ್ಟವಾಗಲಿಲ್ಲ. ಬೆಳಿಗ್ಗೆ ಐದೂವರೆ, ಒದ್ದೆ ಬಟ್ಟೆ ಬದಲಾಯಿಸಿದೆ. ಆರು, ಕಮೋಡಿಗೆ ಎತ್ತಿದೆ. ಆರೂವರೆ, ಒರೆಸಿ ಹಾಸಿಗೆಗೆ ಎತ್ತಿದೆ. ಏಳು, ಮಗ್ಗುಲು ತಿರುಗಿಸಿ ಬೆನ್ನಿನ ಹುಣ್ಣಿಗೆ ಮುಲಾಮು. ಹೀಗೆ ಸಾಲುಸಾಲಾಗಿ ಬರುತ್ತಿತ್ತು. ಎರಡನೆಯ ದಿನದಿಂದ ಹಿಂದಿನ ದಿನದ್ದನ್ನೇ ನೋಡಿ ಬರೆದರೂ ನಡೆಯುತ್ತಿತ್ತು. ಕೊನೆಯ ಕಾಲಮಿನಲ್ಲಿ "ಈ ಕೆಲಸ ಮಾಡುವಾಗ ನಿಮಗೆ ಏನನ್ನಿಸಿತು?" ಎಂದಿದೆ. ಅದನ್ನು ಹದಿನಾಲ್ಕು ಹಾಳೆಯಲ್ಲೂ ಖಾಲಿ ಬಿಟ್ಟಿದ್ದೇನೆ. ಹಟದಿಂದ ಬಿಟ್ಟದ್ದಲ್ಲ. ಪೆನ್ನು ಹಿಡಿದು ಕೂತು ಯೋಚಿಸಿದೆ. ಏನೂ ಅನ್ನಿಸಿರಲಿಲ್ಲ. ನಿನ್ನ ಅಣ್ಣ ಹೋದಮೇಲೆ ಒಳಗೆ ಎಲ್ಲೋ ಒಂದು ಕಡೆ ಜೋಮು ಹಿಡಿಯಿತು, ಬಿಡಲೇ ಇಲ್ಲ. ಅದು ಒಳ್ಳೆಯದೇ ಆಯಿತು ಎಂದುಕೊಂಡೇ ಇಷ್ಟು ದಿನ ದೂಡಿದೆ.

ಏಳನೆಯ ದಿನ ಅತ್ತೆ, "ವಾರದಿಂದ ಅದೇನು ಬರೀತಿದೀಯ?" ಎಂದರು. ಲೆಕ್ಕ ಎಂದೆ. "ಓದು" ಎಂದರು. ನಾನು ಎದ್ದು ಹೋಗಲು ನೋಡಿದೆ. "ಕೂತ್ಕೊಂಡು ಓದು" ಎಂದರು, ಶಾಲೆಯ ದನಿಯಲ್ಲಿ. ಓದಿದೆ. ಏಳೂ ದಿನದ್ದು. ಒದ್ದೆ, ಎತ್ತಿದೆ, ಒರೆಸಿದೆ, ಎತ್ತಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ಕಣ್ಣು ತೆರೆದರು. ಆಮೇಲೆ, "ಬುಧವಾರ ಎರಡು ಸಲ ಒದ್ದೆ ಅಂತ ಬರೆದಿದೀಯ. ಮೂರು ಸಲ. ತಿದ್ದು" ಎಂದರು. ತಿದ್ದಿದೆ.

"ಯಾರಿಗೆ ಇದು?" ಎಂದಾಗ ಎಲ್ಲ ಹೇಳಿದೆ. ಜಾರಿದ್ದು, ಜ್ವರ ಬಂದದ್ದು, ಡಾಕ್ಟರಮ್ಮ ಹೇಳಿದ್ದು. ಗೋದಾಮಿನ ಮಾತನ್ನೂ ಹೇಳಿದೆ, ನಗಲಿ ಎಂದು. ಅವರೂ ನಗಲಿಲ್ಲ. "ಹಾಗಾದ್ರೆ ನಾನು ಪಾಸಾಗಿದ್ದು ನಿನ್ನ ಫೇಲ್ ಮಾಡ್ತು" ಎಂದರು. ಮಧ್ಯಾಹ್ನ ನೀರು ಕೊಟ್ಟರೆ ಕುಡಿಯಲಿಲ್ಲ. ಸಂಜೆಯೂ ಇಲ್ಲ. ಕುಡಿದರೆ ಒದ್ದೆಯಾಗುತ್ತದೆ, ಒದ್ದೆಯಾದರೆ ನಾನು ಎತ್ತಬೇಕಾಗುತ್ತದೆ, ಆ ಲೆಕ್ಕ. ಎರಡು ದಿನ ಹೀಗೇ ಮಾಡಿದರು. ಮೂರನೆಯ ದಿನ ಲೋಟ ಹಿಡಿದು ನಿಂತು ನಾನು ಜೋರಾಗಿ ಬೈದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಕುಡಿದರು.

ಒಂದು ಮಾತು ಕೇಳಬೇಕಿತ್ತು. ಏಳು ಅಂಕ, ಕಳೆದ ಮೇಲೆ ಮೂರು ಎಂದು ಬರೆದಿದ್ದೆ. ಕಳೆದದ್ದು ಏನನ್ನು?

ಇತಿ
ಅತ್ತಿಗೆ

*

ಏಪ್ರಿಲ್ ೧೯

ಗುಬ್ಬಿ,

ನಿನ್ನ ಉತ್ತರ ಬರಲಿಲ್ಲ. ಮರುಭೇಟಿ ನಿನ್ನೆ ಆಯಿತು, ಅದನ್ನು ತಿಳಿಸೋಣವೆಂದು ಬರೆಯುತ್ತಿದ್ದೇನೆ.

ಅದೇ ಹೆಂಗಸು, ಹನ್ನೊಂದಕ್ಕೆ ಬರುವವಳಿದ್ದಳು. ಬೆಳಿಗ್ಗೆ ಎಂಟಕ್ಕೆ ಅತ್ತೆಗೆ ಒದ್ದೆಯಾಯಿತು. ನಾನು ಬಟ್ಟೆ ತಂದೆ. "ಬೇಡ" ಎಂದರು. ಯಾಕೆ ಎಂದೆ. "ಅವರು ನೋಡಲಿ." ಹುಣ್ಣು ಉರಿಯುತ್ತೆ ಅತ್ತೆ, ಎಂದೆ. "ಉರೀಲಿ. ಮುಟ್ಟಬೇಡ." ಕೂದಲು ಬಾಚಲೂ ಬಿಡಲಿಲ್ಲ. ಮೂರು ಗಂಟೆ ಹಾಗೇ ಮಲಗಿದ್ದರು, ಗೋಡೆಯ ಗಡಿಯಾರ ನೋಡುತ್ತ. ನಾನು ಬಾಗಿಲ ಬಳಿ ಬಟ್ಟೆ ಹಿಡಿದುಕೊಂಡು ನಿಂತಿದ್ದೆ. ನಾಚಿಕೆಯಿಂದ ಸಾಯುವ ಹಾಗಾಗಿತ್ತು, ಅವರ ಪರವಾಗಿ.

ಭೇಟಿಯಾಕೆ ಒಳಗೆ ಬಂದು ಬಾಗಿಲಲ್ಲೇ ಸ್ವಲ್ಪ ನಿಂತಳು. ವಾಸನೆಗೆ. ಅತ್ತೆ ಅವಳನ್ನು ಹತ್ತಿರ ಕರೆದು ಕೂರಿಸಿಕೊಂಡು, "ಹೋದ ಸಲ ಹೇಳಿದ್ದೆಲ್ಲ ಸುಳ್ಳು. ಅದನ್ನ ಹೊಡೆದುಹಾಕಿ. ಈಗ ಕೇಳಿ" ಎಂದರು. ಒಂದೊಂದಕ್ಕೂ ಒಂದೇ ಉತ್ತರ. ಆಗಲ್ಲ. ಆಗಲ್ಲ. ಅದೂ ಆಗಲ್ಲ. "ಬರೆದ್ರಾ?" ಎಂದು ಕೇಳಿ, ಬರೆದದ್ದನ್ನು ಖಾತ್ರಿ ಮಾಡಿಕೊಂಡು ಮುಂದಿನದಕ್ಕೆ ಹೋಗುತ್ತಿದ್ದರು. ಕೊನೆಗೆ ಹೊದಿಕೆಯನ್ನು ತಾವೇ ಸರಿಸಿದರು.

ಅವಳು ಪೆನ್ನು ಕೆಳಗಿಟ್ಟು ನನ್ನ ಜೊತೆ ಸೇರಿ ಅತ್ತೆಯನ್ನು ಎತ್ತಿದಳು. ಇಬ್ಬರು ಎತ್ತಿದರೆ ಎಷ್ಟು ಹಗುರ, ನನಗೆ ಗೊತ್ತೇ ಇರಲಿಲ್ಲ.

ಈ ಸಲ ಅತ್ತೆ ಪಾಸಾ ಎಂದು ಕೇಳಲಿಲ್ಲ. ಗೋಡೆಯ ಕಡೆ ತಿರುಗಿಸು ಎಂದರು. ತಿರುಗಿಸಿದೆ.

ಇತಿ
ಅತ್ತಿಗೆ

*

ಮೇ ೬

ಅತ್ತಿಗೆಗೆ,

ಹದಿನೈದು ಅಂಕ ಬಂದಿದೆ. ಕಳೆದ ಮೇಲೆ ಹನ್ನೊಂದು. ಒಂದು ಅಂಕ ಕಡಿಮೆಯೆಂದು ಮತ್ತೆ ತಿರಸ್ಕರಿಸಿದ್ದಾರೆ.

ಕಳೆದದ್ದು ಏನನ್ನು ಎಂದು ಕೇಳಿದ್ದಿರಿ. ಉತ್ತರ ಗೊತ್ತಿದ್ದೇ ನಾನು ಸುಮ್ಮನಿದ್ದೆ. ಹತ್ತೊಂಬತ್ತನೆಯ ಪ್ರಶ್ನೆ ಹೀಗಿದೆ: "ಮಗಳು ಅಥವಾ ಸೊಸೆ ಅದೇ ಮನೆಯಲ್ಲಿ ವಾಸವಿದ್ದರೆ ನಾಲ್ಕು ಅಂಕ ಕಳೆಯಿರಿ."

ಇದು ಹೇಗೆ ಬಂತೆಂದೂ ಹೇಳಬೇಕು. ಯೋಜನೆ ಕಟ್ಟುವಾಗ ಅರ್ಜಿಗಳು ಲಕ್ಷಗಟ್ಟಲೆ ಬರುತ್ತವೆ, ನೆರವಿನವರು ಅಷ್ಟಿಲ್ಲ, ಯಾರನ್ನು ಬಿಡುವುದು ಎಂಬ ಮಾತು ಬಂತು. ಮನೆಯಲ್ಲಿ ಹೆಂಗಸರಿದ್ದರೆ ಅವರೇ ನೋಡಿಕೊಳ್ಳುತ್ತಾರಲ್ಲ ಎಂದು ಯಾರೋ ಅಂದರು. ಇನ್ನೊಬ್ಬರು, ಒಬ್ಬಳಿಂದ ಅದು ಆಗುವ ಮಾತೇ ಎಂದು ಅನುಮಾನಪಟ್ಟರು. ಆಗ ನಾನು ಕೈ ಎತ್ತಿದೆ. "ನಮ್ಮ ಮನೆಯಲ್ಲೇ ಇದೆ ಉದಾಹರಣೆ. ನಮ್ಮ ಅತ್ತಿಗೆ ಒಬ್ಬರೇ ಎಲ್ಲ ನಿಭಾಯಿಸುತ್ತಾರೆ, ಒಂದು ದಿನ ಗೊಣಗಿಲ್ಲ" ಎಂದೆ. ಹೆಮ್ಮೆಯಿಂದಲೇ ಅಂದೆ. ಎಲ್ಲರೂ ತಲೆಯಾಡಿಸಿದರು. ಪ್ರಶ್ನೆ ಪಾಸಾಯಿತು. ಟಿಪ್ಪಣಿಯಲ್ಲಿ ನನ್ನ ಸಹಿ ಇದೆ.

ನೀವು ಗೊಣಗಿಲ್ಲ ಎಂಬುದು ನನಗೆ ಹೇಗೆ ಗೊತ್ತಿತ್ತು? ಮೂರು ವರ್ಷ ನಿಮ್ಮನ್ನು ಒಂದು ಮಾತೂ ಕೇಳಿರಲಿಲ್ಲ.

ಆ ಪ್ರಶ್ನೆಯನ್ನು ತೆಗೆಯಬೇಕೆಂದು ನಿನ್ನೆ ಬರೆದುಕೊಟ್ಟೆ. ಮೇಲಿನವರು ಓದಿ, ನ್ಯಾಯವಾದದ್ದೇ, ಮುಂದಿನ ವರ್ಷದ ಪರಿಷ್ಕರಣೆಯಲ್ಲಿ ನೋಡೋಣ ಎಂದರು. ನೀವು ಬೇರೆ ವಿಳಾಸದಲ್ಲಿದ್ದಿದ್ದರೆ ಇವತ್ತೇ ಮಂಜೂರಾಗುತ್ತಿತ್ತು. ನಿಯಮ ಇರುವುದು ಹಾಗೆ, ಅಷ್ಟಕ್ಕೇ ಹೇಳಿದೆ.

ಕ್ಷಮೆ ಕೇಳುವಷ್ಟು ಮುಖ ನನಗಿಲ್ಲ.

ಇತಿ
ಗುಬ್ಬಿ

*

ಮೇ ೨೦

ಗುಬ್ಬಿ,

ನಿನ್ನ ಕಾಗದವನ್ನು ನಿಂತಲ್ಲೇ ಓದಿದೆ. ಸಿಟ್ಟು ಬರಬೇಕಿತ್ತು. ಬರಲಿ ಎಂದು ಕಾದೆ ಕೂಡ. ಅಷ್ಟರಲ್ಲಿ ಅತ್ತೆ ಕಮೋಡಿಗೆ ಕೂಗಿದರು.

ಕಾಗದದಲ್ಲಿ ಏನಿದೆಯೆಂದು ಅವರು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ನಿನ್ನ ಸಹಿಯ ಮಾತೊಂದನ್ನು ಬಿಟ್ಟು. ಅತ್ತೆ ಆ ಪ್ರಶ್ನೆಯನ್ನು ಎರಡು ಸಲ ಓದಿಸಿಕೊಂಡರು. "ವಾಸವಿದ್ದರೆ ಅಂತಿದೆ, ಅಲ್ವಾ?" ಎಂದರು. ಹೌದು ಎಂದೆ. "ಹಾಗಾದ್ರೆ ಹೊರಡು."

ನಾನು ತಮಾಷೆ ಎಂದುಕೊಂಡೆ. ಅತ್ತೆ ತಮಾಷೆ ಮಾಡುವವರಲ್ಲ ಎಂದು ಗೊತ್ತಿದ್ದೂ. ಮೂರು ದಿನ ಅದೇ ಮಾತು. ತಿನ್ನಿಸಲು ಹೋದರೆ, "ಇನ್ನೂ ಇಲ್ಲೇ ಇದೀಯಾ?" ಎತ್ತಲು ಹೋದರೆ, "ಕೋಣೆ ಹುಡುಕಿದ್ಯಾ?" ನಾಲ್ಕನೆಯ ದಿನ ಪಕ್ಕದ ಮನೆಯ ಬಸ್ ಡ್ರೈವರನನ್ನು ಕರೆಸಿ, ನನ್ನ ಕಪಾಟು ಖಾಲಿ ಮಾಡಲು ಹೇಳಿದರು. ಪಾಪ, ಅವನು ನನ್ನ ಮುಖ ನೋಡುತ್ತ ನಿಂತ. "ಅವಳ ಮುಖದಲ್ಲಿ ಏನಿದೆ? ನಾನು ಹೇಳ್ತಿರೋದು. ಈ ಮನೇಲಿ ಅವಳಿಗೆ ಇನ್ನು ಕೆಲಸ ಇಲ್ಲ" ಎಂದರು.

ಅದೆಲ್ಲ ಯಾಕೆ ಎಂದು ನನಗೆ ಗೊತ್ತು. ಆದರೂ ಗುಬ್ಬಿ, ಮಾತು ಮಾತೇ. ಕಿವಿಗೆ ಬಿದ್ದದ್ದು ಬಿದ್ದೇ ಬಿತ್ತು.

ಮೊದಲು ನಾನು ಹೊಲಿಯಲು ಹೋಗುತ್ತಿದ್ದ ಅಂಗಡಿಯಿತ್ತಲ್ಲ, ಅದರ ಹಿಂದೆ ಒಂದು ಕೋಣೆಯಿದೆ. ಒಂದು ಕಡೆ ಬಟ್ಟೆಯ ಥಾನುಗಳು, ಇನ್ನೊಂದು ಕಡೆ ಮಂಚ. ನಿನ್ನೆ ಅಲ್ಲಿಗೆ ಬಂದೆ. ವಿಳಾಸ ಬದಲಾವಣೆಗೆ ಅರ್ಜಿ ಕೊಟ್ಟಿದ್ದೇನೆ. ಕಾರಣ ಎಂಬಲ್ಲಿ ಗುಮಾಸ್ತ, "ಜಗಳಾನಾ?" ಎಂದ. ಹೌದು ಎಂದು ಬರೆದುಕೊಳ್ಳಿ ಎಂದೆ.

ನೆರವಿನವಳು ಬರುವವರೆಗೆ ಬೆಳಿಗ್ಗೆ ಸಂಜೆ ಹೋಗಿ ಎತ್ತಿ ಬರುತ್ತೇನೆ. ಹೋಗಿ ಬರುವುದಕ್ಕೆ ಅಂಕ ಕಳೆಯುವುದಿಲ್ಲವಂತೆ, ವಿಚಾರಿಸಿದೆ.

ಇತಿ
ಅತ್ತಿಗೆ

*

ಜೂನ್ ೩

ಅತ್ತಿಗೆಗೆ,

ಹತ್ತೊಂಬತ್ತನೆಯ ಪ್ರಶ್ನೆಗೆ ಈ ಸಲ ಏನೂ ಕಳೆದಿಲ್ಲ. ಮಂಜೂರಾಗಿದೆ. ಸೋಮವಾರದಿಂದ ನೆರವಿನವಳು ಬರುತ್ತಾಳೆ, ಬೆಳಿಗ್ಗೆಯಿಂದ ಸಂಜೆಯವರೆಗೆ. ಉಳಿದ ಹೊತ್ತಿಗೆ ಇನ್ನೊಬ್ಬಳು. ಆರು ತಿಂಗಳಿಗೊಮ್ಮೆ ಮರುಪರಿಶೀಲನೆ ಇರುತ್ತದೆ. ಅಷ್ಟರಲ್ಲಿ ನೀವು ವಾಪಸು ಬಂದು ಇರುವುದು ಕಂಡರೆ ನಿಲ್ಲಿಸುತ್ತಾರೆ.

ಆಪರೇಷನ್ ದಿನ ತಿಳಿಸಿ. ನಾನು ಬಂದು ನಿಮ್ಮ ಜೊತೆ ಆಸ್ಪತ್ರೆಯಲ್ಲಿ ಇರುತ್ತೇನೆ. ಆಮೇಲೆ ಅಮ್ಮನ ಜೊತೆ ಸ್ವಲ್ಪ ದಿನ ಇರಲೇ?

ಗುಬ್ಬಿ

*

ಜೂನ್ ೧೧

ಗುಬ್ಬಿ,

ಆಸ್ಪತ್ರೆಗೆ ಬಾ. ಹದಿನೆಂಟನೇ ತಾರೀಖು.

ಮನೆಗೆ ಹೋಗಬೇಡ. ಮಗಳು ಅಥವಾ ಸೊಸೆ ಎಂಬುದಕ್ಕೆ ಸಹಿ ಹಾಕಿದವಳು ನೀನೇ.

ಅತ್ತಿಗೆ

*

ಸೆಪ್ಟೆಂಬರ್ ೨೪

ಗುಬ್ಬಿ,

ಮೂರು ತಿಂಗಳು ಮುಗಿಯಿತು. ಡಾಕ್ಟರಮ್ಮ ನೋಡಿ, ಎಲ್ಲ ಸರಿಯಾಗಿ ಕೂತಿದೆ ಎಂದರು. ಇನ್ನು ಮೇಲೆಯೂ ಗೋದಾಮಿನ ಕೆಲಸ ಬೇಡ ಎಂದು ನಕ್ಕರು. ಈ ಸಲ ನಾನು ನಗಲಿಲ್ಲ. ಸುಖ ಯಾವುದೆಂದರೆ ಕೂರುವುದು. ಹೊಲಿಗೆ ಯಂತ್ರದ ಮುಂದೆ ಎರಡು ಗಂಟೆ ಕೂರುತ್ತೇನೆ, ನೋವಿಲ್ಲ.

ನೀನು ಆಸ್ಪತ್ರೆಯಲ್ಲಿ ಐದು ದಿನ ಇದ್ದೆ. ನಾವು ಹೆಚ್ಚು ಮಾತಾಡಲಿಲ್ಲ. ನನ್ನ ಬೆನ್ನು ಒರೆಸುವಾಗ ಒರೆಸಿದ ಕಡೆಯೇ ಮತ್ತೆ ಮತ್ತೆ ಒರೆಸುತ್ತಿದ್ದೆ, ನಾನು ಮಲಗಿದ ಹಾಗೆ ಮಾಡಿದೆ. ಅದನ್ನು ಹೇಳಬೇಕೆನಿಸಿತು.

ನಿನ್ನೆ ಅತ್ತೆಯನ್ನು ನೋಡಲು ಹೋದೆ. ಇಷ್ಟು ದಿನ ಡಾಕ್ಟರಮ್ಮ ಮೆಟ್ಟಿಲು ಹತ್ತಲು ಬಿಟ್ಟಿರಲಿಲ್ಲ, ಡ್ರೈವರನ ಹೆಂಡತಿಯಿಂದಲೇ ಸಮಾಚಾರ ತಿಳಿಯುತ್ತಿತ್ತು. ಬೀಗದ ಕೈ ನನ್ನ ಚೀಲದಲ್ಲೇ ಇತ್ತು. ತೆಗೆಯಲಿಲ್ಲ, ಬೆಲ್ ಒತ್ತಿದೆ. ನೆರವಿನವಳು ಬಂದು ಬಾಗಿಲು ಅರ್ಧ ತೆರೆದು, "ಯಾರು ಬೇಕಿತ್ತು?" ಎಂದಳು. ನನ್ನನ್ನು ಅವಳು ನೋಡಿಲ್ಲವಲ್ಲ. ಒಳಗಿನಿಂದ ಅತ್ತೆಯ ದನಿ ಬಂತು. "ಪರಿಚಯದವರು. ಒಳಗೆ ಬಿಡಮ್ಮ." ಹೆಜ್ಜೆಯ ಸಪ್ಪಳದಲ್ಲೇ ಗುರುತಿಸಿದ್ದರು.

ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ, ಅದನ್ನು ಒಪ್ಪಬೇಕು. ಬೆನ್ನಿನ ಹುಣ್ಣು ಮಾಗಿದೆ. ಉಗುರು ಕತ್ತರಿಸಿದ್ದಾಳೆ. ಮಂಚವನ್ನು ಕಿಟಕಿಯ ಹತ್ತಿರ ಸರಿಸಿದ್ದಾಳೆ. ಇಷ್ಟು ವರ್ಷ ಅದು ನನಗೆ ಹೊಳೆದಿರಲಿಲ್ಲ. ವಾರಕ್ಕೆರಡು ಸಲ ನಿವೃತ್ತ ಪೋಸ್ಟ್‌ಮಾಸ್ಟರರೊಬ್ಬರು ಬಂದು ಪೇಪರು ಓದಿ ಹೋಗುತ್ತಾರಂತೆ, ಅದೂ ನಿಮ್ಮ ಯೋಜನೆಯದೇ. ಅವರ ಉಚ್ಚಾರ ಪರವಾಗಿಲ್ಲವಂತೆ.

ನಾನು ಬಂದವರು ಕೂರುವ ಕುರ್ಚಿಯಲ್ಲಿ ಕೂತೆ. ಅತ್ತೆಯ ಎದುರು ಹಾಗೆ ಸುಮ್ಮನೆ ಕೂತದ್ದೇ ಇರಲಿಲ್ಲ, ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. "ಆರೋಗ್ಯ ಹೇಗಿದೆ ನಿಮ್ಮದು?" ಎಂದು ನನ್ನನ್ನು ಬಹುವಚನದಲ್ಲಿ ಕೇಳಿದರು. ಚೆನ್ನಾಗಿದೀನಿ ಎಂದೆ. ಈ ಸಲ ಅದು ನಿಜವಾಗಿತ್ತು.

ನೆರವಿನವಳು ಚಹಾ ತರಲು ಒಳಗೆ ಹೋದಾಗ ಅತ್ತೆ ಕೈ ಚಾಚಿ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ದನಿ ತಗ್ಗಿಸಿ, "ಗಟ್ಟಿಯಾಯ್ತಾ?" ಎಂದರು. ಆಯ್ತು ಎಂದೆ. "ಆ ಪ್ರಶ್ನೆ ತೆಗೆಯೋದು ಯಾವಾಗಂತೆ?" ಮುಂದಿನ ವರ್ಷ ನೋಡ್ತಾರಂತೆ ಎಂದೆ. "ಅಷ್ಟು ದಿನ ನಾನಿರ್ತೀನೋ ಇಲ್ವೋ" ಎಂದರು, ಬಸ್ಸು ತಡವೆಂದು ಹೇಳುವವರ ಹಾಗೆ. ನಾನು ವಾಪಸು ಬಂದುಬಿಡ್ತೀನಿ ಅತ್ತೆ ಎಂದೆ. ಎಷ್ಟೋ ವರ್ಷದ ಮೇಲೆ ಏನೋ ಒಂದು ಅನ್ನಿಸಿತು ಗುಬ್ಬಿ, ಅದು ನೋವೇ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ಬಂದ್ರೆ ಮತ್ತೆ ಎತ್ತುತೀಯ. ಬೇಡ. ಬಂದು ಹೋಗ್ತಿರು." ಅಷ್ಟರಲ್ಲಿ ಚಹಾ ಬಂತು. ಚಹಾ ತಗೊಳ್ಳಿ ಎಂದರು.

ಹೊರಡುವಾಗ ನೆರವಿನವಳು ಒಂದು ಪುಸ್ತಕ ಮುಂದಿಟ್ಟಳು. ಅಜ್ಜಿಯನ್ನು ನೋಡಲು ಯಾರು ಬಂದರು, ಎಷ್ಟು ಹೊತ್ತು ಇದ್ದರು ಎಂದು ಬರೆಸಬೇಕೆಂದು ಇಲಾಖೆಯ ನಿಯಮವಂತೆ, ಒಂಟಿತನ ಎಷ್ಟಿದೆಯೆಂದು ತಿಳಿಯುವುದಕ್ಕೆ. ಸಂಬಂಧ ಎಂಬ ಕಾಲಮಿನಲ್ಲಿ ಪರಿಚಯದವರು ಎಂದು ಬರೆದೆ. ಅವಧಿ, ಇಪ್ಪತ್ತು ನಿಮಿಷ.

ಅವಳು ಮೆಟ್ಟಿಲವರೆಗೂ ಬಂದಳು. ನನ್ನ ಕೈ ಹಿಡಿದುಕೊಂಡು, ಅತ್ತೆಗೆ ಕೇಳಿಸಬಾರದೆಂದು ಪಿಸುದನಿಯಲ್ಲಿ, "ಆಗಾಗ ಬನ್ನಿ ಅಕ್ಕ. ಪಾಪ, ಅವರಿಗೆ ಯಾರೂ ಇಲ್ಲ" ಎಂದಳು.

ಬರ್ತೀನಿ ಎಂದೆ.

ಇತಿ
ಅತ್ತಿಗೆ